ಬೆರಳಗಲ ನೂಕಿದರೆ ಓಡುವ ಸ್ಕೂಟರ್: ಎರಡು ಮಳೆಗಾಲ ಕೊಟ್ಟಿಗೆಯಲ್ಲಿದ್ದ ಒಂದು ಮೋಟರಿನ ಪ್ರಕರಣ

"ಕಾಲಲ್ಲಿ ಒಂಚೂರು ನೂಕಿದ್ರೆ ಹೋಗ್ತದೆ ಮಾರಾಯ. ಇಲ್ದಿದ್ರೆ ಗುರ್ರ್ ಅಂತ ನಿಂತಲ್ಲೇ ನಡುಗ್ತದೆ. ಎಲ್ಲಾ ಸಲ ಅಲ್ಲ, ಒಂದೊಂದ್ಸಲ."

ಅಕ್ಕೋರು ಹೇಳಿದ ರೋಗಲಕ್ಷಣ ಇಷ್ಟೇ. ಆಮೇಲೆ ಮೂರು ದಿನ ಮೀಟರ್ ಹಿಡಿದು ನಾನು ಹುಡುಕಿದ್ದೆಲ್ಲ ಈ ನಾಲ್ಕು ಮಾತಿನಲ್ಲೇ ಇತ್ತು. ಆಗ ಹೊಳೆಯಲಿಲ್ಲ.

ಅಕ್ಕೋರು ನನಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ನಿವೃತ್ತರಾದ ಮೇಲೆ ಪೇಟೆಗೆ ಹೋಗಿಬರಲಿಕ್ಕೆ ಒಂದು ಸಣ್ಣ ಬ್ಯಾಟರಿ ಸ್ಕೂಟರ್ ತೆಗೆದುಕೊಂಡಿದ್ದರು. 250 ವ್ಯಾಟ್ ಮೋಟರ್, ಗಂಟೆಗೆ 25 ಕಿಲೋಮೀಟರ್ ದಾಟದ ವೇಗ. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ ಎನ್ನುವ ಜಾತಿಯದು. ಸೀಟಿನ ಕೆಳಗೆ 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ ಸೀರೀಸಿನಲ್ಲಿ, ಒಟ್ಟು 48 ವೋಲ್ಟ್. ಮೋಟರ್ ಹಿಂದಿನ ಚಕ್ರದ ಒಳಗೇ ಕೂತಿದೆ. ಚೈನಿಲ್ಲ, ಬೆಲ್ಟಿಲ್ಲ, ಎಣ್ಣೆ ಬಿಡುವ ಜಾಗವೂ ಇಲ್ಲ.

ಮಗಳ ಬಾಣಂತನಕ್ಕೆಂದು ಪುಣೆಗೆ ಹೋದವರು ವಾಪಸ್ ಬಂದದ್ದು 26 ತಿಂಗಳ ಮೇಲೆ. ಅಷ್ಟೂ ದಿನ ಸ್ಕೂಟರ್ ಇದ್ದದ್ದು ಮನೆ ಪಕ್ಕದ ಕೊಟ್ಟಿಗೆಯ ಮೂಲೆಯಲ್ಲಿ, ಸೌದೆ ರಾಶಿಗೆ ಒರಗಿಕೊಂಡು, ಟಾರ್ಪಾಲು ಹೊದ್ದುಕೊಂಡು. ಊರು ಸಾಗರದ ಕಡೆಯದು. ಎರಡು ಪೂರ್ತಿ ಮಳೆಗಾಲ ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೊಟ್ಟಿಗೆಯಲ್ಲಿ ಅವರ ಮೈದುನನ ಮನೆಯ ಎರಡು ದನ. ದನಗಳ ವಿಚಾರ ಆಮೇಲೆ ಬರುತ್ತದೆ.

ನನ್ನ ಹತ್ತಿರ ಬರುವಾಗ ಗಾಡಿ ಆಗಲೇ ಒಂದು ಅಂಗಡಿ ಕಂಡು ಬಂದಿತ್ತು. ಅಲ್ಲಿ ಮೊದಲು ಬ್ಯಾಟರಿ ಬದಲಾಯಿಸಿದ್ದರು. ಅದು ಸರಿಯೇ. ಹಳೆಯ ನಾಲ್ಕನ್ನೂ ಅಕ್ಕೋರು ಎಕ್ಸ್‌ಚೇಂಜಿಗೆ ಕೊಡದೆ ಇಟ್ಟುಕೊಂಡಿದ್ದರಿಂದ ನಾನೂ ಅಳೆದು ನೋಡಿದೆ: ಒಂದರಲ್ಲಿ 2.1 ವೋಲ್ಟ್, ಇನ್ನೊಂದರಲ್ಲಿ 4, ಉಳಿದೆರಡರಲ್ಲಿ 6ರ ಆಸುಪಾಸು. ಲೆಡ್ ಆಸಿಡ್ ಬ್ಯಾಟರಿ ಖಾಲಿ ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಇಟ್ಟರೂ ಹಿಡಿಯುವುದಿಲ್ಲ.

ಖಾಲಿಯಾದದ್ದು ಹೇಗೆ ಅಂದರೆ, ಸೀಟಿನ ಕೆಳಗಿನ ಎಂಸಿಬಿ, ಅಂದರೆ ಬ್ಯಾಟರಿಯ ಮೇನ್ ಸ್ವಿಚ್, ಆನ್ ಇತ್ತು. ಕೀ ತೆಗೆದರೂ ಕಳ್ಳರ ಅಲಾರಂ ಬ್ಯಾಟರಿ ಹೀರುತ್ತಲೇ ಇರುತ್ತದೆ. ಮೀಟರನ್ನು ಸೀರೀಸಿನಲ್ಲಿ ಹಾಕಿದರೆ 12 ಮಿಲಿಯಾಂಪ್ ತೋರಿಸಿತು. ಏನೂ ಅಲ್ಲ ಅನಿಸುವಷ್ಟು. ಆದರೆ ದಿನಕ್ಕೆ 0.29 ಆಂಪಿಯರ್ ಅವರ್ ಲೆಕ್ಕದಲ್ಲಿ 20 ಆಂಪಿಯರ್ ಅವರಿನ ಬ್ಯಾಟರಿ ಎಪ್ಪತ್ತು ದಿನಕ್ಕೆ ಬರಿದಾಗುತ್ತದೆ. ಪುಣೆಯಲ್ಲಿ ಮೊಮ್ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ಇಲ್ಲಿ ಬ್ಯಾಟರಿ ಸತ್ತಾಗಿತ್ತು.

ಹೊಸ ಬ್ಯಾಟರಿ ಕೂರಿಸಿದ ಮೇಲೂ ಗಾಡಿ ನಡುಗಿತು. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹಂಚುವ ಕಂಟ್ರೋಲರ್ ಹೋಗಿದೆ ಎಂದು ಹೊಸ ಕಂಟ್ರೋಲರ್ ಹಾಕಿದರು. ನಡುಕ ಹಾಗೇ ಇತ್ತು. ಕೊನೆಗೆ "ಮೋಟರೇ ಸುಟ್ಟಿದೆ, ಚಕ್ರ ಸಮೇತ ಹೊಸದು ತರಿಸ್ಬೇಕು" ಅಂದರಂತೆ. ಮೋಟರ್ ಸುಟ್ಟಿದೆ ಎಂಬ ಮಾತು ಬಂದದ್ದಕ್ಕೇ ಅಕ್ಕೋರಿಗೆ ನನ್ನ ನೆನಪಾದದ್ದು.

ನಾನು ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಕಟ್ಟುವವನು. ಸುಟ್ಟ ವಾರ್ನಿಷಿನ ವಾಸನೆ ಇಪ್ಪತ್ತು ವರ್ಷದಿಂದ ಮೂಗಿಗೆ ಅಂಟಿದೆ. ಚಕ್ರದ ಹತ್ತಿರ ಬಗ್ಗಿ, ಆಕ್ಸಲಿನಿಂದ ತಂತಿ ಹೊರಬರುವ ಜಾಗಕ್ಕೆ ಮೂಗು ಹಚ್ಚಿದೆ. ಸುಟ್ಟ ವಾಸನೆ ಇರಲಿಲ್ಲ. ಗಂಜಲದ ವಾಸನೆ ಇತ್ತು.

ಮೊದಲ ದಿನ

ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಸಿಬಿ ಇಳಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ತಿರುಗಿತು, ಆದರೆ ಒಳಗೆ ಮರಳು ಅರೆದ ಹಾಗೆ ಕರಕರ. ಬೇರಿಂಗ್ ತುಕ್ಕು ಹಿಡಿದಿದೆ ಅಂತ ಬರೆದುಕೊಂಡೆ. ಬೇರಿಂಗ್ ಕೆಟ್ಟರೆ ಸದ್ದು ಬರುತ್ತದೆ, ಬಿಗಿ ಬರುತ್ತದೆ, ನಿಂತಲ್ಲೇ ನಡುಕ ಬರುವುದಿಲ್ಲ.

ಮೋಟರಿನಿಂದ ಕಂಟ್ರೋಲರಿಗೆ ಹಳದಿ, ಹಸಿರು, ನೀಲಿ ಬಣ್ಣದ ಮೂರು ದಪ್ಪ ತಂತಿ ಹೋಗುತ್ತವೆ. ಅವೇ ಮೂರು ಫೇಸ್. ಅವನ್ನು ಕಳಚಿ ಒಂದಕ್ಕೊಂದು ತಾಗದಂತೆ ಬಿಟ್ಟು ಚಕ್ರ ತಿರುಗಿಸಿದೆ: ಕರಕರ ಇದ್ದರೂ ಸಲೀಸು. ಈಗ ಹಳದಿ ಹಸಿರಿನ ತುದಿ ಕೂಡಿಸಿ ತಿರುಗಿಸಿದರೆ ಚಕ್ರ ತಡೆತಡೆದು, ಯಾರೋ ಹಿಡಿದು ಬಿಟ್ಟು ಮಾಡಿದ ಹಾಗೆ ತಿರುಗಿತು. ಇದು ಹಾಗೇ ಆಗಬೇಕು. ಒಳಗಿನ ಆಯಸ್ಕಾಂತ ತಿರುಗುವಾಗ ಸುರುಳಿಯಲ್ಲಿ ಕರೆಂಟ್ ಹುಟ್ಟಿ ಅದೇ ಬ್ರೇಕಿನಂತೆ ಹಿಡಿಯುತ್ತದೆ. ಹಸಿರು ನೀಲಿ, ನೀಲಿ ಹಳದಿ ಜೋಡಿಗಳಲ್ಲೂ ಅಷ್ಟೇ ಬಿಗಿ ಬಂತು. ಮೂರೂ ಸುರುಳಿ ಸಮನಾಗಿವೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ತಂತಿ ಬಿಡಿಸಿಟ್ಟಾಗಲೂ ಚಕ್ರ ಬಿಗಿಯಾಗೇ ಇರುತ್ತಿತ್ತು. ಮೀಟರೇ ಬೇಡದ ಪರೀಕ್ಷೆ ಇದು, ಎರಡು ನಿಮಿಷದ ಕೆಲಸ. ಚಕ್ರ ಸಮೇತ ಹೊಸದು ತರಿಸಿ ಅನ್ನುವ ಮೊದಲು ಯಾರೂ ಇಷ್ಟು ಮಾಡಿರಲಿಲ್ಲವಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು.

ಉಳಿದದ್ದು ಬೇಗ ಮುಗಿಯಿತು. ಆಕ್ಸಲರೇಟರಿನ ಸಿಗ್ನಲ್ ತಂತಿ ಹಿಡಿ ತಿರುವಿದಂತೆ 0.85 ವೋಲ್ಟಿನಿಂದ 3.6ರವರೆಗೆ ಎಲ್ಲೂ ಜಿಗಿಯದೆ ಏರಿತು. ಬ್ರೇಕ್ ಲಿವರಿನ ಸ್ವಿಚ್ ಅಂಟಿಕೊಂಡರೆ ಕಂಟ್ರೋಲರ್ ಮೋಟರಿಗೆ ಕರೆಂಟ್ ಕೊಡುವುದಿಲ್ಲ. ಅದನ್ನು ಕಳಚಿ ನೋಡಿದೆ, ವ್ಯತ್ಯಾಸ ಇಲ್ಲ. ಬ್ಯಾಟರಿ 51 ವೋಲ್ಟ್. ಕಂಟ್ರೋಲರ್ ಪೆಟ್ಟಿಗೆಯ ಪಕ್ಕ ಕಣಜ ಕಟ್ಟಿದ ಮಣ್ಣಿನ ಗೂಡೊಂದಿತ್ತು, ಕೆರೆದು ತೆಗೆದೆ.

ಕೀ ಆನ್ ಮಾಡಿ ಚಕ್ರ ಗಾಳಿಯಲ್ಲಿರುವಾಗಲೇ ಹಿಡಿ ತಿರುವಿದೆ. ಹತ್ತು ಸಲದಲ್ಲಿ ಏಳು ಸಲ ಒರಟಾಗಿ ಗುರುಗುಟ್ಟಿಕೊಂಡೇ ಹೊರಟಿತು. ಮೂರು ಸಲ ನಿಂತಲ್ಲೇ ನಡುಗಿತು. ನಡುಗಿದಾಗ ಚಕ್ರ ಎಲ್ಲಿ ನಿಂತಿದೆಯೋ ಅಲ್ಲಿ ಟಯರಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತ ಹೋದೆ. ಒಂದೇ ಜಾಗದಲ್ಲಿ ಗೆರೆಗಳು ಗುಂಪಾಗುತ್ತವೆ ಅಂದುಕೊಂಡಿದ್ದೆ. ಟಯರಿನ ಸುತ್ತ ಎಲ್ಲೆಂದರಲ್ಲಿ ಬಿದ್ದವು. ಗೆರೆಗಳನ್ನು ಅಳಿಸದೆ ಬಿಟ್ಟು ಅಂಗಡಿ ಮುಚ್ಚಿದೆ.

ಮೂರು ಕಣ್ಣು, ಒಂದು ಕುರುಡು

ಈ ಮೋಟರಿಗೆ ಕಾರ್ಬನ್ ಬ್ರಷ್ ಇಲ್ಲ. ಆಯಸ್ಕಾಂತ ಈ ಗಳಿಗೆ ಎಲ್ಲಿದೆ ಎಂದು ತಿಳಿಯದಿದ್ದರೆ ಯಾವ ಫೇಸಿಗೆ ಕರೆಂಟ್ ಬಿಡಬೇಕೆಂದು ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. ಅದನ್ನು ಹೇಳಲಿಕ್ಕೆ ಸ್ಟೇಟರಿನ (ಸುರುಳಿ ಸುತ್ತಿದ, ತಿರುಗದ ಭಾಗ) ಹಲ್ಲುಗಳ ನಡುವೆ ಆಯಸ್ಕಾಂತವನ್ನು ಗುರುತಿಸುವ ಮೂರು ಹಾಲ್ ಸೆನ್ಸರ್ ಅಂಟಿಸಿರುತ್ತಾರೆ, ತೊಗರಿಕಾಳಿನಷ್ಟು ದೊಡ್ಡವು. ಅವುಗಳಿಗೆ ಐದು ಸಪೂರ ತಂತಿ: ಕೆಂಪು 5 ವೋಲ್ಟ್, ಕಪ್ಪು ನೆಗೆಟಿವ್, ಹಳದಿ ಹಸಿರು ನೀಲಿ ಒಂದೊಂದು ಸೆನ್ಸರಿನ ಸಿಗ್ನಲ್. ಆಯಸ್ಕಾಂತದ ಒಂದು ಧ್ರುವ ಮುಂದೆ ಬಂದರೆ ಸಿಗ್ನಲ್ 0, ಇನ್ನೊಂದು ಧ್ರುವ ಬಂದರೆ 5.

ಎರಡನೇ ದಿನ ಬೆಳಿಗ್ಗೆ ಕನೆಕ್ಟರಿನ ಹಿಂಬದಿಯಿಂದ, ಕಂಟ್ರೋಲರ್ ಕಡೆಯ ತಂತಿಗಳಿಗೆ ಸೇಫ್ಟಿಪಿನ್ ಚುಚ್ಚಿ, ಕೀ ಆನ್ ಮಾಡಿ ಚಕ್ರವನ್ನು ಇರುವೆ ನಡಿಗೆಯಲ್ಲಿ ತಿರುಗಿಸಿದೆ. ಹಳದಿ: 0, 5, 0, 5. ಹಸಿರು: 0, 5, 0, 5. ನೀಲಿ: 5, 5, 5, 5. ಚಕ್ರ ಪೂರ್ತಿ ಒಂದು ಸುತ್ತು ಬಂದರೂ ನೀಲಿ ಅಲುಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಡಿ ಹೊತ್ತುಕೊಂಡು ಬಂದ ಒಗಟು ಇಲ್ಲೇ ಬಿಡಿಸಿಕೊಳ್ಳುವುದು.

ಮೂರು ಸೆನ್ಸರಿನ ಸಿಗ್ನಲನ್ನು ಹಳದಿ, ಹಸಿರು, ನೀಲಿ ಎಂಬ ಕ್ರಮದಲ್ಲಿ ಒಂದು ಸೊನ್ನೆಗಳಾಗಿ ಬರೆದುಕೊಂಡರೆ ಆರೋಗ್ಯವಾಗಿರುವ ಮೋಟರ್ ಆರು ಹೆಜ್ಜೆ ಹಾಕುತ್ತದೆ: 101, 100, 110, 010, 011, 001. ಮತ್ತೆ ಮೊದಲಿನಿಂದ. 000 ಮತ್ತು 111 ಯಾವತ್ತೂ ಬರಬಾರದವು. ಬಂದರೆ ಏನೋ ಕೆಟ್ಟಿದೆ ಎಂದು ಕಂಟ್ರೋಲರ್ ಕರೆಂಟ್ ನಿಲ್ಲಿಸುತ್ತದೆ. ಈಗ ನೀಲಿ ಯಾವಾಗಲೂ 1 ಅಂತ ಇಟ್ಟುಕೊಂಡು ಅದೇ ಆರು ಹೆಜ್ಜೆ ಬರೆಯಿರಿ: 101, 101, 111, 011, 011, 001. ಮೂರನೇ ಹೆಜ್ಜೆ ಪೂರ್ತಿ ಸತ್ತಿತು. ಅದರ ಹಿಂದಿನ ಹೆಜ್ಜೆಯಲ್ಲಿ ಕಂಟ್ರೋಲರ್ ಆಗಲೇ ದಾಟಿ ಬಂದ ಹೆಜ್ಜೆಯ ಕರೆಂಟನ್ನೇ ಕೊಡುತ್ತಿದೆ, ಮುಂದಿನದರಲ್ಲಿ ಇನ್ನೂ ಬಾರದ ಹೆಜ್ಜೆಯದನ್ನು. ಎರಡೂ ಅರೆಜೀವದ ಎಳೆತ. ಉಳಿದ ಮೂರು ಹೆಜ್ಜೆ ಸರಿ ಇವೆ. ಒಮ್ಮೆ ವೇಗ ಹಿಡಿದರೆ ಚಕ್ರದ ಭಾರವೇ ಈ ಗುಂಡಿಯನ್ನು ದಾಟಿಸುತ್ತದೆ, ಗುರುಗುಟ್ಟುವ ಸದ್ದಷ್ಟೇ ಉಳಿಯುತ್ತದೆ. ನಿಂತದ್ದು ಗುಂಡಿಯಲ್ಲೇ ಆಗಿದ್ದರೆ ಮೇಲೇಳಲು ಆಗುವುದಿಲ್ಲ, ಅದರಲ್ಲೂ ಮೇಲೆ ಆಳು ಕೂತಿದ್ದರೆ.

ಹಾಗಾದರೆ ಚಾಕ್‌ಪೀಸಿನ ಗೆರೆಗಳು ಟಯರಿನ ಸುತ್ತ ಏಕೆ ಚದುರಿದವು? ಹಳದಿ ತಂತಿ ಒಂದು ಸುತ್ತಿಗೆ ಎಷ್ಟು ಸಲ 0ಗೆ ಇಳಿಯುತ್ತದೆ ಅಂತ ಎಣಿಸಿದೆ: 23. ಅಂದರೆ ಒಳಗೆ 46 ಆಯಸ್ಕಾಂತ, 23 ಜೋಡಿ. ಆರು ಹೆಜ್ಜೆಯ ಕುಣಿತ ಒಂದು ಸುತ್ತಿನಲ್ಲಿ 23 ಸಲ ನಡೆಯುತ್ತದೆ, ಆದ್ದರಿಂದ ಸತ್ತ ಜಾಗಗಳೂ 23. ಟಯರಿನ ಸುತ್ತಳತೆಯನ್ನು ದರ್ಜಿಯ ಟೇಪಿನಲ್ಲಿ ಅಳೆದರೆ 125 ಸೆಂಟಿಮೀಟರ್. 23ರಿಂದ ಭಾಗಿಸಿದರೆ ಐದೂವರೆ ಸೆಂಟಿಮೀಟರಿಗೆ ಒಂದು ಗುಂಡಿ. ಗುಂಡಿಯ ಅಗಲ ಅದರ ಆರನೇ ಒಂದು, ಸುಮಾರು 9 ಮಿಲಿಮೀಟರ್. ಅಕ್ಕೋರು ಕಾಲಲ್ಲಿ ಒಂಚೂರು ನೂಕುತ್ತಿದ್ದದ್ದು ಇಷ್ಟೇ ದೂರ, ಒಂದು ಬೆರಳಗಲ.

ನಾನು ಮಾಡಿದ ತಪ್ಪು

ನೀಲಿ ಸೆನ್ಸರ್ ಸತ್ತಿದೆ, ಹಬ್ (ಮೋಟರ್ ಕೂತಿರುವ ಚಕ್ರದ ನಡುಭಾಗ) ಬಿಚ್ಚಿ ಬದಲಾಯಿಸಬೇಕು ಎಂದು ನಿರ್ಧರಿಸಿಬಿಟ್ಟೆ. ಬಿಚ್ಚುವುದು ಕೈಗೆ ಬಂದ ಕೆಲಸ, ಅದಕ್ಕೇ ಮನಸ್ಸು ಆ ಕಡೆ ಓಡಿತು. ಸೆನ್ಸರ್ ಸತ್ತರೂ 5, ತಂತಿ ತುಂಡಾದರೂ 5 ಎಂಬ ಮಾತನ್ನು ಪಕ್ಕಕ್ಕಿಟ್ಟೆ. ಈ ಸೆನ್ಸರುಗಳು ತಾವಾಗಿ 5 ವೋಲ್ಟ್ ಕೊಡುವುದಿಲ್ಲ. ಕಂಟ್ರೋಲರ್ ಒಳಗಿನ ಒಂದು ರೆಸಿಸ್ಟರ್ ತಂತಿಯನ್ನು 5ಕ್ಕೆ ಎತ್ತಿ ಹಿಡಿದಿರುತ್ತದೆ, ಸೆನ್ಸರಿನ ಕೆಲಸ ಅದನ್ನು 0ಗೆ ಎಳೆಯುವುದು. ಎಳೆಯುವವನ ಕೈ ಅರ್ಧ ದಾರಿಯಲ್ಲಿ ತುಂಡಾಗಿದ್ದರೂ ಮೀಟರಿನಲ್ಲಿ 5 ಅಂತಲೇ ಕಾಣುತ್ತದೆ.

ಹಬ್ಬಿನ ಮುಚ್ಚಳಕ್ಕೂ ಡ್ರಮ್ಮಿಗೂ ಸೇರಿಸಿ ಉಳಿಯಿಂದ ಒಂದು ಗೆರೆ ಗುರುತು ಮಾಡಿಕೊಂಡು, ಆಲನ್ ಸ್ಕ್ರೂಗಳನ್ನು ಬಿಚ್ಚಿ, ಪುಲ್ಲರ್ ಹಾಕಿ ಎಳೆದೆ. ಆಯಸ್ಕಾಂತ ಸ್ಟೇಟರನ್ನು ಬಿಡುವುದೇ ಇಲ್ಲ. ಬಿಟ್ಟ ಹಾಗೆ ಮಾಡಿ ಫಟ್ಟನೆ ವಾಪಸ್ ಎಳೆದುಕೊಳ್ಳುತ್ತದೆ, ನಡುವೆ ಬೆರಳು ಸಿಕ್ಕರೆ ಉಗುರು ಹೋದ ಹಾಗೇ. ಒಳಗೆ ಕೆಂಪು ತುಕ್ಕಿನ ಪುಡಿ, ಮುಚ್ಚಳದ ಒಳಮೈಯಲ್ಲಿ ಬೆವರಿದ ಗುರುತು. ನೀರು ನುಗ್ಗಿದ್ದಲ್ಲ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುತ್ತ ಹಬ್ಬು ಮಳೆಗಾಲದ ಗಾಳಿಯನ್ನು ಉಸಿರಾಡಿದೆ, ತೇವ ಒಳಗೇ ಉಳಿದಿದೆ. ಎರಡೂ ಬೇರಿಂಗ್ ತುಕ್ಕು. 6203 ನಂಬರ್, ಪಂಪಿನ ಮೋಟರಿಗೂ ಬರುವಂಥದ್ದು, ಅಂಗಡಿಯಲ್ಲೇ ಇತ್ತು.

ಐದು ಹಾಲ್ ತಂತಿಗಳನ್ನೂ ಒಟ್ಟು ಮಾಡಿ ಆಕ್ಸಲಿಗೇ ಕಟ್ಟಿ, ಫೇಸಿಗೂ ಆಕ್ಸಲಿಗೂ ನಡುವೆ ಕರೆಂಟ್ ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ತಿರುಗಿಸಿದೆ. ಹಾಲ್ ತಂತಿಗಳನ್ನು ಹಾಗೆ ಕಟ್ಟದೆ 500 ವೋಲ್ಟಿನ ಮೆಗ್ಗರ್ ಹಾಕಿದರೆ 5 ವೋಲ್ಟಿನ ಸೆನ್ಸರುಗಳ ಗತಿ ಏನಾಗುತ್ತದೋ ನೋಡುವ ಧೈರ್ಯ ನನಗಿಲ್ಲ. 0.8 ಮೆಗಾ ಓಮ್ ಬಂತು. ಸುರುಳಿ ಸುಟ್ಟಿಲ್ಲ, ಒದ್ದೆಯಾಗಿದೆ. ಅದಕ್ಕೆ ನಮ್ಮ ಕಸುಬಿನ ಮದ್ದೇ ಇದೆ. ಹಳೆಯ ಪೇಂಟ್ ಡ್ರಮ್ಮಿನಲ್ಲಿ ಸ್ಟೇಟರ್ ಇಟ್ಟು, ಪಕ್ಕದಲ್ಲಿ 100 ವ್ಯಾಟಿನ ಹಳೇ ಕಾಲದ ಬಲ್ಬ್ ಉರಿಸಿ, ಮೇಲೆ ಗೋಣಿಚೀಲ ಮುಚ್ಚುವುದು. ಪಂಪಿನ ಸ್ಟೇಟರ್ ಆಗಿದ್ದರೆ ಬಲ್ಬನ್ನು ಒಳಗೇ ಇಳಿಬಿಡುತ್ತಿದ್ದೆ. ಇಲ್ಲಿ ಸೆನ್ಸರಿನ ಅಂಟು ಬಿಟ್ಟೀತು ಎಂದು ಒಂದು ಗೇಣು ದೂರ ಇಟ್ಟೆ. ಬೆಳಿಗ್ಗೆ ಮೆಗ್ಗರ್ 20 ಮೆಗಾ ಓಮ್ ದಾಟಿತ್ತು.

ಮೂರನೇ ದಿನ ಬೆಸುಗೆ ಕಡ್ಡಿ ಕಾಯಿಸಿ ಕೂತೆ. ಸೆನ್ಸರ್ ಕೀಳುವ ಮೊದಲು ಕೊನೇ ಸಲ ನೋಡೋಣ ಅಂತ ಹಳೆಯ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ಕೆಂಪು ಕಪ್ಪಿಗೆ ಕೊಟ್ಟು, ಕೆಂಪಿಗೂ ನೀಲಿಗೂ ನಡುವೆ 4.7 ಕಿಲೋ ಓಮಿನ ರೆಸಿಸ್ಟರ್ ಹಾಕಿ, ಒಂದು ಸ್ಪೀಕರ್ ಆಯಸ್ಕಾಂತದ ಚೂರನ್ನು ಸೆನ್ಸರಿನ ಮುಂದೆ ಆಡಿಸಿದೆ. ತಿರುವಿ ಹಾಕಿದಾಗ 0, ಮತ್ತೆ ತಿರುವಿದಾಗ 5. ಮತ್ತೆ 0.

ನೀಲಿ ಬದುಕಿತ್ತು. ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿ ಒಂದು ಕಾಫಿ ಕುಡಿದು ಬಂದೆ.

ಈ ಪರೀಕ್ಷೆಯಲ್ಲಿ ಮೀಟರಿನ ಕ್ಲಿಪ್ಪುಗಳನ್ನು ನಾನು ಹಾಕಿದ್ದು ಕನೆಕ್ಟರಿಗಲ್ಲ, ಅದರಿಂದ ನಾಲ್ಕು ಬೆರಳು ಹಿಂದೆ, ತಂತಿಯ ಸಿಪ್ಪೆ ಕೆರೆದ ಜಾಗಕ್ಕೆ. ಹಾಗಾದರೆ ಉಳಿದದ್ದು ಆ ನಾಲ್ಕು ಬೆರಳು ಮಾತ್ರ. ಆರು ಪಿನ್ನಿನ ಬಿಳಿ ಪ್ಲಾಸ್ಟಿಕ್ ಕನೆಕ್ಟರ್. ಹೊರಗಿನಿಂದ ಸ್ವಲ್ಪ ಹಸಿರು ಪುಡಿ ಬಿಟ್ಟರೆ ಎಲ್ಲ ನೆಟ್ಟಗಿತ್ತು, ತಂತಿ ಎಳೆದರೂ ಬರಲಿಲ್ಲ. ಸೂಜಿಯಿಂದ ಲಾಕ್ ಒತ್ತಿ ನೀಲಿಯ ಟರ್ಮಿನಲ್ ಹೊರಗೆಳೆದೆ. ಅರ್ಧ ಮಾತ್ರ ಬಂತು. ತಂತಿಯನ್ನು ಅಮುಕಿ ಹಿಡಿದ ಜಾಗದ ಹತ್ತಿರ ಹಿತ್ತಾಳೆ ಅಡ್ಡಕ್ಕೆ ಸೀಳಿ ಎರಡು ತುಂಡಾಗಿತ್ತು. ಕನ್ನಡಕ ಏರಿಸಿ ನೋಡಿದರೆ ಬಗ್ಗಿ ಮುರಿದ ಗುರುತೇ ಇಲ್ಲ, ಬಳೆಚೂರಿನ ಹಾಗೆ ನೇರ ಒಡಕು. ಪಕ್ಕದ ಹಸಿರಿನ ಟರ್ಮಿನಲನ್ನು ಉಗುರಿನಲ್ಲಿ ಒತ್ತಿದೆ, ಅದೂ ಚಿಟ್ಟೆಂದಿತು.

ಹಿತ್ತಾಳೆ ಹಾಗೆ ಒಡೆಯುವುದಿಲ್ಲ, ಬಗ್ಗುತ್ತದೆ. ಭದ್ರಾವತಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ಭಾವನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ: "ಇದನ್ನ ದನದ ಕೊಟ್ಟಿಗೇಲಿ ಇಟ್ಟಿದ್ರಾ?"

ಬ್ರಿಟಿಷರ ಕಾಲದ ಕಥೆ ಹೇಳಿದರು. ಭಾರತದಲ್ಲಿದ್ದ ಸೈನ್ಯದ ತೋಟಾಗಳ ಹಿತ್ತಾಳೆ ಕೋಶಗಳು ಮಳೆಗಾಲದಲ್ಲಿ ಸುಮ್ಮನೆ ಇಟ್ಟಲ್ಲೇ ಸೀಳುತ್ತಿದ್ದವು. ಮಳೆಗಾಲಕ್ಕೆಂದು ಅವನ್ನು ಕುದುರೆ ಲಾಯಗಳಲ್ಲಿ ಇಡುವ ರೂಢಿಯಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಜೊತೆಗೆ ತಯಾರಿಸುವಾಗ ಲೋಹದೊಳಗೆ ಉಳಿದುಹೋದ ಬಿಗಿತ, ಈ ಮೂರೂ ಸೇರಿದರೆ ಹಿತ್ತಾಳೆ ಒಡೆಯುತ್ತದೆ ಎಂದು ಪತ್ತೆಯಾದದ್ದು 1921ರಲ್ಲಿ. ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರು. ಇಕ್ಕಳದಿಂದ ಅಮುಕಿ ಕೂರಿಸಿದ ಟರ್ಮಿನಲಿನಲ್ಲಿ ಬಿಗಿತ ಇದ್ದೇ ಇರುತ್ತದೆ. ಕೊಟ್ಟಿಗೆಯ ಗಂಜಲದ ಕಾಲುವೆ ಸೌದೆ ರಾಶಿಯ ಪಕ್ಕದಲ್ಲೇ ಹರಿಯುತ್ತಿತ್ತು, ಮೇಲೆ ಹೊದಿಸಿದ ಟಾರ್ಪಾಲು ಆ ಆವಿಯನ್ನು ಹೊರಗೆ ಹೋಗಲೂ ಬಿಟ್ಟಿರಲಿಲ್ಲ. ಮಳೆ ನೀರಿನಿಂದ ಕಾಪಾಡಲು ಹೊದಿಸಿದ ಟಾರ್ಪಾಲದು.

ಜೋಡಣೆ

ಆ ಕನೆಕ್ಟರನ್ನು ಪೂರ್ತಿ ಕತ್ತರಿಸಿ ಎಸೆದೆ. ಐದು ತಂತಿಗಳನ್ನೂ ಬೆಸುಗೆಗಳು ಅಕ್ಕಪಕ್ಕ ಬಾರದಂತೆ ಹಿಂದೆಮುಂದೆ ಬೆಸುಗೆ ಹಾಕಿ, ಒಂದೊಂದಕ್ಕೂ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿದೆ. ಹೊಸ ಕನೆಕ್ಟರ್ ಹಾಕಬಹುದಿತ್ತು, ಮುಂದೆ ಪಂಕ್ಚರ್ ಹಾಕುವವನು ಚಕ್ರ ಬಿಚ್ಚಲು ಸುಲಭ. ಆದರೆ ಮಲೆನಾಡಿನಲ್ಲಿ ಕನೆಕ್ಟರಿಗಿಂತ ಬೆಸುಗೆಯ ಮೇಲೆ ನನಗೆ ನಂಬಿಕೆ ಜಾಸ್ತಿ. ಚಕ್ರ ಇಳಿಸಿ ಪಕ್ಕಕ್ಕಿಡುವಷ್ಟು ತಂತಿ ಹೆಚ್ಚು ಬಿಟ್ಟೆ. ಫೇಸಿನ ತಾಮ್ರದ ಲಗ್ಗುಗಳು ಹಸಿರಾಗಿದ್ದರೂ ಗಟ್ಟಿ ಇದ್ದವು, ಉಜ್ಜಿ ಬಿಗಿ ಮಾಡಿದೆ. ಎರಡು ಹೊಸ ಬೇರಿಂಗ್ ಹಾಕಿ, ಉಳಿಗೆರೆ ಸರಿಯಾಗಿ ಕೂಡುವಂತೆ ಹಬ್ ಮುಚ್ಚಿದೆ.

ಹಳೆಯ ಕಂಟ್ರೋಲರ್ ನಿಜವಾಗಿ ಹೋಗಿತ್ತೇ ಎಂಬ ಕುತೂಹಲ ಇತ್ತು. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು, ಮೂರೂ ಫೇಸ್ ತಂತಿಗಳಿಂದ ಪ್ಲಸ್ಸಿಗೂ ಮೈನಸ್ಸಿಗೂ ನೋಡಿದೆ. ಆರೂ ಕಡೆ 0.49ರ ಹತ್ತಿರ. ಫೇಸಿಗೆ ಕರೆಂಟ್ ಬಿಟ್ಟು ತಡೆಯುವ ಮಾಸ್ಫೆಟ್ ಶಾರ್ಟಾಗಿದ್ದರೆ ಅಲ್ಲಿ ಸೊನ್ನೆ ಬರುತ್ತದೆ. ಎರಡು ವರ್ಷ ಕರೆಂಟ್ ಕಾಣದ ಕೆಪಾಸಿಟರುಗಳಿಗೆ ಒಮ್ಮೆಲೇ 51 ವೋಲ್ಟ್ ಕೊಡಲು ಮನಸ್ಸಾಗದೆ, ಕೀ ಆಫ್ ಇಟ್ಟು 1 ಕಿಲೋ ಓಮ್ ರೆಸಿಸ್ಟರಿನ ಮೂಲಕ ಹತ್ತು ನಿಮಿಷ ನಿಧಾನವಾಗಿ ತುಂಬಿಸಿದೆ. ಆಮೇಲೆ ನೇರ ಜೋಡಿಸಿ ಹಿಡಿ ತಿರುವಿದರೆ ಚಕ್ರ ಸದ್ದಿಲ್ಲದೆ ಎದ್ದಿತು. ಪೂರ್ತಿ ವೇಗದಲ್ಲಿ ಕ್ಲ್ಯಾಂಪ್ ಮೀಟರ್ 1.2 ಆಂಪ್ ತೋರಿಸಿತು. ಹೊಸ ಕಂಟ್ರೋಲರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಕ್ಕೋರ ಕೈಗೆ ಕೊಟ್ಟೆ. ಅದರ ದುಡ್ಡು ಹೋದದ್ದೇ.

ಸಂಜೆ ಅಂಗಡಿ ಮುಂದಿನ ಏರಿನಲ್ಲಿ ಅಕ್ಕೋರನ್ನೇ ಕೂರಿಸಿ ನಿಲ್ಲಿಸಿ ಹೊರಡಿಸಿದೆ, ಪ್ರತಿ ಸಲ ಚಕ್ರವನ್ನು ಒಂದಿಷ್ಟು ಬೇರೆ ಜಾಗಕ್ಕೆ ತಂದು. ಇಪ್ಪತ್ತು ಸಲದಲ್ಲಿ ಇಪ್ಪತ್ತೂ ಹೊರಟಿತು. ಕಾಲು ನೆಲಕ್ಕೆ ತಾಗಲಿಲ್ಲ. ಗಾಡಿ ಇನ್ನು ಜಗುಲಿಯಲ್ಲಿ ನಿಲ್ಲುತ್ತದೆ, ಊರಿಗೆ ಹೋಗುವಾಗ ಎಂಸಿಬಿ ಇಳಿಸುತ್ತೇನೆ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲು ಮೈದುನನಿಗೆ ಹೇಳುತ್ತೇನೆ ಎಂದು ಒಪ್ಪಿಕೊಂಡರು.

"ಹಂಗಾದ್ರೆ ಇದು ನಮ್ಮ ಗೌರಿ ಮಾಡಿದ್ ಕೆಲ್ಸ ಅನ್ನು," ಅಂದರು. ಗೌರಿ ಅಂದರೆ ಕೊಟ್ಟಿಗೆಯ ದೊಡ್ಡ ದನ. ಆಮೇಲೆ ಟಯರಿನ ಮೇಲೆ ಇನ್ನೂ ಮಾಸದ ಚಾಕ್‌ಪೀಸ್ ಗೆರೆಗಳು ಏನೆಂದು ಕೇಳಿದರು. ಇಪ್ಪತ್ಮೂರು ಗುಂಡಿ, ಒಂದೊಂದಕ್ಕೂ ಆರು ಹೆಜ್ಜೆ ಅಂತ ಎಲ್ಲ ವಿವರಿಸಿದೆ. ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು.

"ಇಪ್ಪತ್ಮೂರಾರ್ಲೆ?"

"ಅಕ್ಕೋರೇ, ನೀವು ಕಲಿಸಿದ್ದು ಇಪ್ಪತ್ತರ ಮಗ್ಗಿವರೆಗೆ ಮಾತ್ರ," ಅಂದು ಫೋನಿನಲ್ಲಿ ಕ್ಯಾಲ್ಕುಲೇಟರ್ ಹುಡುಕಿದೆ.